ಒಂದು ಸಾಲಿನ ಕಾರ್ಣಿಕ, ಎರಡೆಳೆ ವೈರು

ಹಡಗಲಿ ತಾಲೂಕಿನ ಮೈಲಾರದ ಜಾತ್ರೆಗೆ ಒಮ್ಮೆಯಾದರೂ ಹೋದವರು ಆ ಗಳಿಗೆಯನ್ನು ಮರೆಯುವುದಿಲ್ಲ. ಭರತ ಹುಣ್ಣಿಮೆ ಕಳೆದಿರುತ್ತದೆ, ಡೆಂಕನಮರಡಿಯಲ್ಲಿ ಜನವೋ ಜನ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದ್ದೇ ತಡ, ಅಷ್ಟೂ ಜನ ಗಪ್‌ಚಿಪ್. ಆಮೇಲೆ ಒಂದೇ ಒಂದು ಸಾಲಿನ ಭವಿಷ್ಯದ ನುಡಿ, ಅದೇ ಕಾರ್ಣಿಕ. ನುಡಿ ಮುಗಿಯಿತೆಂದರೆ ಅರ್ಥ ಹುಡುಕುವ ಕೆಲಸ ಶುರು. ಮಳೆಗೆ ಹೊಂದಿಸುವವರು, ಮೆಕ್ಕೆಜೋಳದ ದರಕ್ಕೆ ಹೊಂದಿಸುವವರು, ಬೆಂಗಳೂರಿನ ಕುರ್ಚಿಗೆ ಹೊಂದಿಸುವವರು. ಕೊಟ್ಟೂರಿನ ಚಹಾದಂಗಡಿಯಿಂದ ಹರಪನಹಳ್ಳಿ ಬಸ್‌ಸ್ಟ್ಯಾಂಡಿನವರೆಗೆ ದಿನಗಟ್ಟಲೆ ಅದೇ ಮಾತು.

ಕಾರಿಗೆ ಸ್ಕ್ಯಾನರ್ ಹಾಕಿಸಿದಾಗ ಬರುವ ಕೋಡ್ ಕೂಡ ಇಂಥದೇ ಒಂದು ಕಾರ್ಣಿಕ. ಹೇಳುವುದು ನಿಜ, ಆದರೆ ಒಂದೇ ಸಾಲು. ಪಿ0118 ಎಂಬ ಕೋಡನ್ನೇ ತೆಗೆದುಕೊಳ್ಳಿ. ಕೂಲೆಂಟಿನ ಬಿಸಿ ಅಳೆಯುವ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಇರಬೇಕಾದ್ದಕ್ಕಿಂತ ಮೇಲಿದೆ ಎಂದಷ್ಟೇ ಅದರ ಮಾತು. ಸೆನ್ಸರ್ ಕೆಟ್ಟಿದೆ ಎಂದು ಅದು ಹೇಳಿಲ್ಲ. ಸರ್ಕ್ಯೂಟ್ ಅಂದಮೇಲೆ ಸೆನ್ಸರೂ ಬಂತು, ಅದಕ್ಕೆ ವೈರು ಸಿಕ್ಕಿಸುವ ಕಪ್ಲರೂ ಬಂತು, ಅದರೊಳಗಿನ ಪಿನ್ನು, ಎರಡು ವೈರು, ಆ ತುದಿಯಲ್ಲಿ ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಎಂ ಎಲ್ಲವೂ ಬಂತು. ನಾವು ಮಾತ್ರ ‘ಸೆನ್ಸರ್ ಹೋಗೇತಿ, ಹೊಸಾದು ಹಾಕ್ರಿ’ ಎಂದು ಅವಸರ ಮಾಡುತ್ತೇವೆ.

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಈ ಕಾರ್ಣಿಕವೇ ಇರಲಿಲ್ಲ. ಪ್ಲಗ್ಗು ತಿಕ್ಕಿ, ಪಾಯಿಂಟ್ ಸರಿಮಾಡಿ, ಕಾರ್ಬೊರೇಟರ್ ಊದಿದರೆ ಮುಕ್ಕಾಲು ರೋಗ ವಾಸಿ. ಆ ಪ್ಲಗ್ಗುಗಳ ಮೇಲೆ ಇರುತ್ತಿದ್ದ ಮೈಕೋ ಎಂಬ ಹೆಸರು ನಮ್ಮ ಬೆಂಗಳೂರಿನದೇ. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಲ್ಯಾಂಬ್ಡಾ ಸೆನ್ಸರನ್ನು 1976ರಲ್ಲಿ ಕಾರಿಗೆ ತಂದದ್ದು ಅದರ ಮಾತೃಸಂಸ್ಥೆಯಾದ ಜರ್ಮನಿಯ ಬಾಷ್. ಹೊಗೆಯ ನಿಯಮ ಬಿಗಿಯಾದಷ್ಟೂ ಸೆನ್ಸರ್ ಹೆಚ್ಚಿದವು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲಂತೂ ಬಾನೆಟ್ ಎತ್ತಿದರೆ ಎಲ್ಲಿ ನೋಡಿದರೂ ವೈರು, ಎಲ್ಲಿ ನೋಡಿದರೂ ಕಪ್ಲರು.

ಆ ವೈರುಗಳಿಗೆ ನಮ್ಮ ಸೀಮೆ ಸುಖದ ಜಾಗವಲ್ಲ. ಕೂಡ್ಲಿಗಿ ಹೆದ್ದಾರಿ ಬಿಟ್ಟು ಒಳಗೆ ಇಳಿದರೆ ಕೆಂಧೂಳು, ಬೇಸಿಗೆಯಲ್ಲಿ ಪ್ಲಾಸ್ಟಿಕ್ ಒಣಗಿ ಪಟ್ಟನೆ ಸೀಳುವಂಥ ಬಿಸಿಲು. ಮೆಕ್ಕೆಜೋಳದ ರಾಶಿ ಮನೆಗೆ ಬಂದಾಗ ಇಲಿಯೂ ಜೊತೆಗೇ ಬರುತ್ತದೆ. ರಾತ್ರಿ ಎಂಜಿನ್ ಮೇಲೆ ಬೆಚ್ಚಗೆ ಕೂತು ವೈರು ಕಡಿಯುತ್ತದೆ. ಧೂಳು ಹೋಗಲೆಂದು ನಾವು ಜೋರಾಗಿ ನೀರು ಬಿಡುತ್ತೇವೆ, ಕಪ್ಲರಿನೊಳಗೆ ಪಸೆ ನಿಂತು ಪಿನ್ನಿಗೆ ಹಸಿರು ಕಿಲುಬು ಕಟ್ಟುತ್ತದೆ. ಇಷ್ಟೆಲ್ಲ ಆದಾಗಲೂ ಬೈಗಳು ತಿನ್ನುವುದು ಸೆನ್ಸರ್ರೇ.

ಹಗರಿಬೊಮ್ಮನಹಳ್ಳಿಯ ಒಂದು ಸಣ್ಣ ಗ್ಯಾರೇಜಿನಲ್ಲಿ ನಿಜವಾದ ದೋಷ ಹುಡುಕುವ ಕೆಲಸವನ್ನು ಕಣ್ಣಾರೆ ಕಂಡೆ. ಗೆಳೆಯರ ಕಾರು ಕಪ್ಪು ಹೊಗೆ ಬಿಡುತ್ತಿತ್ತು, ಮೈಲೇಜ್ ಬಿದ್ದಿತ್ತು, ರೇಡಿಯೇಟರ್ ಫ್ಯಾನು ನಿಲ್ಲುತ್ತಲೇ ಇರಲಿಲ್ಲ. ಬೇರೆ ಕಡೆ ಹೊಸ ಸೆನ್ಸರ್ ಹಾಕಿಸಿಯೂ ಆಗಿತ್ತು. ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿದರು. ಹೊರಗೆ ಮೈ ಸುಡುವ ಬಿಸಿಲು, ಪರದೆಯ ಮೇಲೆ ಕೂಲೆಂಟ್ ಮೈನಸ್ 40 ಡಿಗ್ರಿ! ಎಂಜಿನ್ ಹಿಮದಲ್ಲಿದೆ ಎಂದು ನಂಬಿದ ಇಸಿಎಂ ಪೆಟ್ರೋಲನ್ನು ಸುರಿಯುತ್ತಲೇ ಇತ್ತು.

ಈ ಸೆನ್ಸರಿನ ಒಳಗುಟ್ಟು ಸರಳ. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಸುಮಾರು 2500 ಓಮ್ ಇದ್ದದ್ದು 80 ಡಿಗ್ರಿಗೆ 300ರ ಆಸುಪಾಸಿಗೆ ಬರುತ್ತದೆ. ಇಸಿಎಂ 5 ವೋಲ್ಟ್ ಕಳಿಸಿ, ಅದರಲ್ಲಿ ಎಷ್ಟು ಉಳಿಯಿತೆಂದು ನೋಡಿ ಬಿಸಿ ಎಷ್ಟೆಂದು ತಿಳಿಯುತ್ತದೆ. ದಾರಿಯಲ್ಲಿ ಎಲ್ಲಾದರೂ ವೈರು ಕಟ್ಟಾದರೆ ಪೂರಾ 5 ವೋಲ್ಟ್ ಹಾಗೇ ನಿಲ್ಲುತ್ತದೆ. ಅದಕ್ಕೇ ಆ ಮೈನಸ್ 40.

ಮೆಕ್ಯಾನಿಕ್ ಕಪ್ಲರ್ ಬಿಚ್ಚಿ, ಅದರ ಎರಡು ಪಿನ್ನುಗಳನ್ನು ತುಂಡು ವೈರಿನಿಂದ ಜೋಡಿಸಿದರು. ವೈರಿಂಗ್ ಸರಿಯಿದ್ದರೆ ಸ್ಕ್ಯಾನರಿನ ಅಂಕಿ ಸರ್ರನೆ ಮೇಲೇರಬೇಕು. ಏರಲಿಲ್ಲ. ಆಮೇಲೆ ಸಿಗ್ನಲ್ ಪಿನ್ನನ್ನು ಬ್ಯಾಟರಿ ನೆಗೆಟಿವಿಗೆ ಮುಟ್ಟಿಸಿದರು. ಏರಿತು! ಅಂದರೆ ಸಿಗ್ನಲ್ ವೈರು ಗಟ್ಟಿ, ಅರ್ತ್ ವೈರು ಕಟ್ಟು. ‘ಸರ, ಸೆನ್ಸರ್ ಚಲೋನೇ ಐತ್ರಿ, ವಾಪಸ್ ಬರೋ ದಾರಿ ಇಲ್ಲ’ ಎಂದರು. ವೈರಿಂಗಿನ ಟೇಪನ್ನು ಗೇಣು ಗೇಣಾಗಿ ಬಿಚ್ಚುತ್ತಾ ಹೋದರು. ಬ್ಯಾಟರಿ ತಟ್ಟೆಯ ಅಂಚಿಗೆ ಉಜ್ಜಿ ಉಜ್ಜಿ ಸವೆದ ಜಾಗದಲ್ಲಿ ತಾಮ್ರ ಹಸಿರಾಗಿ ಪುಡಿಪುಡಿಯಾಗಿತ್ತು. ಆ ಭಾಗ ಕತ್ತರಿಸಿ, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಸ್ಲೀವ್ ತೊಡಿಸಿ ಮತ್ತೆ ಸುತ್ತಿದರು. ಫ್ಯಾನು ನಿಂತಿತು.

ಈ ಉಪಾಯವನ್ನು ಎಲ್ಲ ಸೆನ್ಸರಿಗೂ ಹಚ್ಚುವಂತಿಲ್ಲ ಎಂದೂ ಅವರೇ ಹೇಳಿದರು. ಎರಡು ವೈರಿನ ಈ ಬಿಸಿ ಸೆನ್ಸರಿಗೆ ಸರಿ. ಮೂರು ವೈರಿನದರಲ್ಲಿ ಸಾಮಾನ್ಯವಾಗಿ ಒಂದು 5 ವೋಲ್ಟಿನ ಸಪ್ಲೈ, ಅದನ್ನು ಹೀಗೆ ಅರ್ತಿಗೆ ಮುಟ್ಟಿಸಬಾರದು. ಆ ಸಪ್ಲೈ ಹಲವು ಸೆನ್ಸರುಗಳಿಗೆ ಒಂದೇ ಇರುವುದುಂಟು; ಒಂದು ಕಡೆ ಶಾರ್ಟ್ ಆದರೂ ಸಾಲುಸಾಲು ಕೋಡ್ ಬಂದು ಎಂಜಿನ್ನೇ ನಿಲ್ಲಬಹುದು. ಆಗ ಕೋಡು ಬಂದ ಸೆನ್ಸರನ್ನೆಲ್ಲ ಕೊಂಡವರ ಜೇಬು ಖಾಲಿ, ರೋಗ ಹಾಗೇ.

ಈಗ ನನಗೆ ಬಹಳ ದಿನದಿಂದ ಅನ್ನಿಸುತ್ತಿರುವ ಮಾತು. ಆ ದಿನ ಬಳಸಿದ ಸಾಮಾನು ಎಂದರೆ ಗೇಣುದ್ದ ವೈರು, ಚೂರು ಬೆಸುಗೆ, ಒಂದು ಸ್ಲೀವ್, ಒಂದಿಷ್ಟು ಟೇಪು. ಉಳಿದದ್ದೆಲ್ಲ ಬುದ್ಧಿ, ತಾಳ್ಮೆ. ನಮ್ಮಲ್ಲಿ ಪಾರ್ಟುಗಳಿಗೆ ಕೇಳಿದಷ್ಟು ಕೊಡುತ್ತೇವೆ, ಹುಡುಕಿದ್ದಕ್ಕೆ ಕೇಳಿದರೆ ‘ಬರೀ ವೈರು ಕೂಡಿಸಿದ್ದಕ್ಕೆ ಇಷ್ಟ್ಯಾಕ?’ ಎನ್ನುತ್ತೇವೆ. ಹುಡುಕುವವನಿಗೆ ಕೂಲಿ ಹುಟ್ಟದಿದ್ದರೆ ಅವನೂ ನಾಳೆ ಪಾರ್ಟು ಮಾರುವವನೇ ಆಗುತ್ತಾನೆ. ಹೊಟ್ಟೆ ಯಾರನ್ನೂ ಬಿಟ್ಟಿಲ್ಲ. ಆದ್ದರಿಂದ ಗ್ಯಾರೇಜಿನವರು ಬಿಲ್ಲಿನಲ್ಲಿ ‘ದೋಷ ಹುಡುಕಿದ ಕೂಲಿ’ ಎಂದು ಬೇರೆ ಸಾಲು ಬರೆಯಲಿ, ನಾವು ಚೌಕಾಸಿ ಮಾಡದೆ ಕೊಡೋಣ. ಹೊಸ ಸೆನ್ಸರಿನ ಬೆಲೆಗಿಂತ ಅದು ಹೆಚ್ಚಾದರೂ ಸರಿಯೇ. ಕೊಟ್ಟ ದುಡ್ಡಿಗೆ ಕಾರು ರಿಪೇರಿಯಾಗುವುದಷ್ಟೇ ಅಲ್ಲ, ನಮ್ಮ ಊರಿನಲ್ಲಿ ಒಬ್ಬ ಬಲ್ಲವನು ಉಳಿಯುತ್ತಾನೆ.