ಕಳೆದ ಒಂದು ಅಂಕ

1998ರಲ್ಲಿ ನಾನು ಭಾಲ್ಕಿಯಲ್ಲಿ ಪಾಠ ಮಾಡುತ್ತಿದ್ದೆ. ಪ್ರವಾಸಕ್ಕೆ ಹೋದಾಗ ಕಾರವಾರದಿಂದ ತಂದು ಒಣಗಿಸಿದ ಎರಡು ಹಸಿರು ಕಡಲಪಾಚಿಗಳನ್ನು ಪರೀಕ್ಷೆಗೆ ಇಟ್ಟೆ. ಒಂದು ಎಲೆಯಂತೆ ಅಗಲ, ಇನ್ನೊಂದು ಸಪೂರ ಕೊಳವೆ. ಔರಾದ ಕಡೆಯ ಹುಡುಗಿಯೊಬ್ಬಳು, ‘ಆಕಾರ ಬ್ಯಾರೆ ಅದ, ಕುಲ ಒಂದೇ ಅದರಿ ಸರ್’ ಎಂದಳು. ಎಲೆಯಂಥದ್ದು ಉಲ್ವಾ, ಕೊಳವೆಯಂಥದ್ದು ಎಂಟೆರೊಮಾರ್ಫಾ ಎಂದು ತಿದ್ದಿ ಒಂದು ಅಂಕ ಕಳೆದೆ. ನನ್ನ ಬಿ.ಎಸ್ಸಿ. ಪಾಠ ಅದೇ ಆಗಿತ್ತು.

1753ರಲ್ಲಿ ಲಿನೇಯಸ್ ಎರಡು ಬಗೆಯವನ್ನೂ ಉಲ್ವಾ ಎಂದೇ ಕರೆದಿದ್ದ. 1820ರಲ್ಲಿ ಕೊಳವೆಯಂಥವು ಬೇರೆ ಕುಲವಾದವು. 2003ರಲ್ಲಿ ವಿಜ್ಞಾನಿಗಳು ಅವುಗಳ ಕ್ಲೋರೋಪ್ಲಾಸ್ಟಿನ ಒಂದು ವಂಶವಾಹಿಯನ್ನೂ ಕೋಶಕೇಂದ್ರದ ಡಿಎನ್‌ಎ ತುಣುಕೊಂದನ್ನೂ ಓದಿ ಹೋಲಿಸಿದರು. ಎಲೆಯಂಥವು, ಕೊಳವೆಯಂಥವು ಎರಡು ಕವಲಾಗಿ ನಿಲ್ಲದೆ ಒಂದರೊಳಗೊಂದು ಬೆರೆತಿದ್ದವು. ಎಲ್ಲವೂ ಮತ್ತೆ ಉಲ್ವಾ!

ನಾನು ಇದನ್ನು ಓದಿದ್ದು ಬಹಳ ತಡವಾಗಿ. ಈಚೆಗೆ ಬೀದರ ಬಸ್ ನಿಲ್ದಾಣದಲ್ಲಿ ಅವಳೇ ಗುರುತಿಸಿ ಮಾತಾಡಿಸಿದಳು, ಪಕ್ಕದಲ್ಲಿ ಮಗಳು. ತಪ್ಪು ನನ್ನದೆಂದು ಹೇಳಿದೆ. ‘ಆ ಅಂಕ ಈಕಿಗಿ ಕೊಡ್ರಿ ಸರ್’ ಎಂದು ನಕ್ಕಳು.

ನಾನು ನಗಲಿಲ್ಲ. ಅಂದು ‘ಹೇಗೆ ಗೊತ್ತಾಯಿತಮ್ಮಾ?’ ಎಂದು ಕೇಳಲೇ ಇಲ್ಲವಲ್ಲ! ಈಗ ಕೆಂಪು ಗೆರೆ ಎಳೆಯುವ ಮುನ್ನ ಕೇಳುತ್ತೇನೆ. ಪಾಲಕರೇ, ನೀವೂ ಕೇಳಿ.