ಮತವೂ ಒಂದು ಅನುಮೋದನೆ

ಮತ ನೀಡುವ ಕ್ರಿಯೆಯನ್ನು ನಾವು ‘ಮತದಾನ’ವೆಂದು ಕರೆಯುತ್ತೇವೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಮಹಿಮೆಯನ್ನು ಬಾಲ್ಯದಿಂದಲೂ ಕೇಳುತ್ತ ಬಂದ ನಮಗೆ ಈ ಶಬ್ದವು ಸಹಜವಾಗಿಯೇ ಪ್ರಿಯವಾದುದು. ದಾನದಲ್ಲಿ ಪ್ರತಿಫಲಾಪೇಕ್ಷೆ ಸಲ್ಲದು, ಪಾತ್ರಾಪಾತ್ರವಿವೇಕ ಅತ್ಯವಶ್ಯ. ಆದರೆ ಮತದ ವಿಷಯದಲ್ಲಿ ಇವೆರಡಕ್ಕಿಂತಲೂ ಗಂಭೀರವಾದ ಮತ್ತೊಂದು ವಿಚಾರವಿದೆ.

ತಾನೇ ಮಾಡಿದುದು ಕೃತ, ಪರರಿಂದ ಮಾಡಿಸಿದುದು ಕಾರಿತ, ಮಾಡುವವರನ್ನು ಕಂಡು ಒಪ್ಪಿದುದು ಅನುಮೋದಿತ. ಈ ಮೂರರಿಂದಲೂ ಕರ್ಮಾಸ್ರವವುಂಟೆಂದು ನಮ್ಮ ಆಚಾರ್ಯರು ಬೋಧಿಸಿದ್ದಾರೆ. ಶಾಸನಸಭೆಗೆ ಒಬ್ಬನನ್ನು ಕಳುಹಿಸುವ ಮತದಾರನು ಸ್ವತಃ ಕಾನೂನು ಮಾಡುವುದಿಲ್ಲ, ಬೊಕ್ಕಸವನ್ನು ಮುಟ್ಟುವುದಿಲ್ಲ, ನಿಜ. ಆದರೂ ‘ನನ್ನ ಪರವಾಗಿ ನೀನು ಮಾಡು’ ಎಂಬ ಒಪ್ಪಿಗೆಯನ್ನು ತನ್ನ ಬೆರಳಿನಿಂದಲೇ ಕೊಟ್ಟಿರುತ್ತಾನೆ. ಹೀಗಿರುವಾಗ ಮುಂದಿನ ಐದು ವರ್ಷಗಳ ಒಳಿತು ಕೆಡುಕುಗಳಲ್ಲಿ ತನಗೆ ಯಾವ ಪಾಲೂ ಇಲ್ಲವೆಂದು ಅವನು ಹೇಗೆ ತಾನೆ ಹೇಳಿಯಾನು?

2023ರ ಮೇ 10ರಂದು ನಮ್ಮ ರಾಜ್ಯದ 224 ವಿಧಾನಸಭಾ ಕ್ಷೇತ್ರಗಳಿಗೂ ಒಂದೇ ದಿನ ಮತದಾನ ನಡೆಯಿತು. ಅದಕ್ಕೆ ಕೆಲವು ದಿನಗಳ ಮುಂಚೆ ಅಭ್ಯರ್ಥಿಯೊಬ್ಬರ ಕಡೆಯವರು ನಮ್ಮ ಬಸದಿಯ ಟ್ರಸ್ಟಿನ ಹಿರಿಯರನ್ನು ಕಂಡು, ಭೋಜನಶಾಲೆಗೆ ಹೊಸ ಛಾವಣಿ ಹಾಕಿಸಿಕೊಡುತ್ತೇವೆ, ಸಮಾಜದ ಮತಗಳೆಲ್ಲ ನಮಗೇ ಬರುವಂತೆ ನೋಡಿಕೊಳ್ಳಿ ಎಂದರು. ಛಾವಣಿ ಸೋರುತ್ತಿದ್ದುದು ನಿಜವೇ. ‘ಇದು ಯಾರ ಜೇಬಿಗೂ ಹೋಗುವ ಹಣವಲ್ಲ, ಬಸದಿಗೆ ಬರುವುದು, ಇದರಲ್ಲಿ ದೋಷವೇನು?’ ಎಂದು ಕೆಲವು ತರುಣರು ಸಭೆಯಲ್ಲಿ ಕೇಳಿದರು. ಹಿರಿಯರ ಉತ್ತರ ಶಾಂತವಾಗಿತ್ತು: ‘ನಮ್ಮ ಮನೆಯವರ ಮತವನ್ನೇ ನಾನು ಕೇಳಲಾರೆ. ಊರಿನ ಶ್ರಾವಕ ಶ್ರಾವಿಕೆಯರ ಮತವನ್ನು ಬರೆದುಕೊಡಲು ನಾನು ಯಾರಪ್ಪಾ?’ ಟ್ರಸ್ಟು ಆ ಕೊಡುಗೆಯನ್ನು ವಿನಯದಿಂದಲೇ ನಿರಾಕರಿಸಿತು. ಮುಂದೆ ಎರಡು ಮಳೆಗಾಲ ಭೋಜನಶಾಲೆ ಹಾಗೆಯೇ ಸೋರಿತು.

ಹಿರಿಯರು ಧರ್ಮದೃಷ್ಟಿಯಿಂದ ನುಡಿದ ಮಾತಿಗೆ ರಾಜ್ಯದ ಕಾನೂನೂ ಹೊಂದಿಕೊಂಡಿದೆ. ಚುನಾವಣೆಯ ಲಂಚದಲ್ಲಿ ಕೊಟ್ಟವನಷ್ಟೇ ಅಲ್ಲ, ಪಡೆದವನೂ ಅಪರಾಧಿ. ಧಾರ್ಮಿಕ ಸಂಸ್ಥೆಗಳ ದುರುಪಯೋಗವನ್ನು ತಡೆಯುವ 1988ರ ಕಾಯಿದೆಯು ಅವುಗಳ ಆವರಣವನ್ನು ರಾಜಕೀಯ ಪ್ರಚಾರಕ್ಕೆ ಬಳಸುವುದನ್ನೂ, ಅವುಗಳ ನಿಧಿಯನ್ನು ಪಕ್ಷಗಳಿಗಾಗಿ ವ್ಯಯಿಸುವುದನ್ನೂ ನಿಷೇಧಿಸಿದೆ. ಅಭ್ಯರ್ಥಿಯು ಮತದಾರನ ಧರ್ಮದ ಹೆಸರಿನಲ್ಲಿ ಮತ ಯಾಚಿಸುವುದೂ ಭ್ರಷ್ಟಾಚರಣೆಯೇ ಎಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠವು 2017ರ ಜನವರಿಯಲ್ಲಿ ಬಹುಮತದಿಂದ ತೀರ್ಪಿತ್ತಿತು. ನಮ್ಮ ಟ್ರಸ್ಟುಗಳ ಪದಾಧಿಕಾರಿಗಳು ಈ ಮೂರು ಸಂಗತಿಗಳನ್ನು ತಪ್ಪದೆ ನೆನಪಿನಲ್ಲಿಡಬೇಕು.

ಮತದಾನದ ದಿನ ರಟ್ಟಿನ ಮರೆಯ ಹಿಂದೆ ನಿಂತಾಗ ನನಗೆ ಹೊಳೆದುದು ಆ ಏಕಾಂತದ ಬೆಲೆ. ಗುಂಡಿಯನ್ನೊತ್ತಿದ ಬಳಿಕ ಪಕ್ಕದ ಯಂತ್ರದ ಗಾಜಿನೊಳಗೆ ಚೀಟಿಯೊಂದು ಏಳು ಸೆಕೆಂಡುಗಳ ಕಾಲ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಅದನ್ನು ಕಂಡವನು ನಾನೊಬ್ಬನೇ. ಪರರ ಕಣ್ಣಿಗೆ ಬೀಳದ ಕಡೆಯಲ್ಲಿ ಮನುಷ್ಯನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದೇ ಅವನ ಶೀಲದ ನಿಜವಾದ ಒರೆಗಲ್ಲಲ್ಲವೇ?

‘ನಿರ್ದೋಷಿಯಾದ ಅಭ್ಯರ್ಥಿಯೇ ಇಲ್ಲ, ಆದ್ದರಿಂದ ಮನೆಯಲ್ಲಿರುವುದೇ ಲೇಸು’ ಎನ್ನುವವರುಂಟು. ಯಾರೂ ಒಪ್ಪಿಗೆಯಾಗದಿದ್ದರೆ ಹಾಗೆಂದು ದಾಖಲಿಸುವ ಅವಕಾಶವೂ 2013ರಿಂದ ಮತಯಂತ್ರದಲ್ಲಿದೆ. ಆದರೆ ಶ್ರಾವಕನದು ಅಣುವ್ರತ. ಸಂಪೂರ್ಣ ನಿರ್ದೋಷವಾದ ಆಯ್ಕೆ ಅವನ ಸಂಸಾರದಲ್ಲಿ ವಿರಳ. ಹೊಲ, ಅಂಗಡಿ, ಅಡುಗೆಮನೆಗಳಲ್ಲಿ ಕಡಮೆ ಹಿಂಸೆಯ ದಾರಿಯನ್ನು ನಿತ್ಯವೂ ಅರಸುವ ನಾವು, ಜನರಿಗೆ ಕಡಮೆ ಕೇಡು ಮಾಡುವವರಾರೆಂಬುದನ್ನು ವಿಚಾರಿಸಿ ಅರಿಯಲಾರೆವೇ?

ಬೆರಳಿಗೆ ಹಚ್ಚುವ ಶಾಯಿ 1962ರಿಂದಲೂ ನಮ್ಮ ಮೈಸೂರಿನ ಕಾರ್ಖಾನೆಯಿಂದಲೇ ದೇಶಕ್ಕೆಲ್ಲ ಹೋಗುತ್ತಿದೆ. ಕೆಲವು ವಾರಗಳಲ್ಲಿ ಉಗುರು ಬೆಳೆದು ಆ ಗುರುತು ಮಾಸುತ್ತದೆ. ಕೊಟ್ಟ ಒಪ್ಪಿಗೆ ಹಾಗೆ ಮಾಸುವುದಿಲ್ಲ. ಗೆದ್ದವರು ಅನ್ಯಾಯ ಮಾಡಿದಾಗ ಸುಮ್ಮನಿದ್ದರೆ ಅದು ಮತ್ತೊಂದು ಅನುಮೋದನೆ. ಪತ್ರ ಬರೆದೋ, ಸಭೆಯಲ್ಲಿ ಎದ್ದು ನಿಂತೋ ‘ಇದು ನನಗೆ ಸಮ್ಮತವಲ್ಲ’ ಎನ್ನುವುದೂ ಮತದಾರನ ಕರ್ತವ್ಯವೇ ಆಗಿದೆ.