ಎಕ್ಸ್-ರೇ ಕೋಣೆ ಕಟ್ಟಿದ ಮಳೆಗಾಲ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ ನನ್ನ ಕ್ಲಿನಿಕ್ ಇದೆ. ಇಲ್ಲಿ ಮೂಳೆ ಮುರಿಯುವುದಕ್ಕೆ ಎರಡು ಕಾಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಅಡಿಕೆ ಮರ ಹತ್ತಿದವರು ಜಾರಿ ಬೀಳುತ್ತಾರೆ. ಮಳೆ ನಿಂತ ಮೇಲೆ ಅಡಿಕೆ ಕೊನೆ ತೆಗೆಯುವವರು ಬೀಳುತ್ತಾರೆ. ಮುರಿದಿದೆಯೋ ಉಳುಕಿದೆಯೋ ಎಂದು ತಿಳಿಯುವುದಕ್ಕೇ ಅವರನ್ನು ತೀರ್ಥಹಳ್ಳಿಗೋ ಶಿವಮೊಗ್ಗಕ್ಕೋ ಕಳಿಸಬೇಕಿತ್ತು. ಜೀಪಿನ ಬಾಡಿಗೆ ಕೊಡಬೇಕು, ಆ ದಿನದ ಕೂಲಿಯೂ ಹೋಗುತ್ತದೆ. ಹಲವರು ಹೋಗುತ್ತಲೇ ಇರಲಿಲ್ಲ. ಎಣ್ಣೆ ಹಚ್ಚಿ ಕಟ್ಟು ಹಾಕಿಸಿಕೊಂಡು ಸುಮ್ಮನಿದ್ದು, ಸೊಟ್ಟಗೆ ಕೂಡಿದ ಕೈ ಹಿಡಿದುಕೊಂಡು ತಿಂಗಳುಗಳ ಮೇಲೆ ಬರುತ್ತಿದ್ದರು. ಅಂಥ ಕೈಗಳನ್ನು ನೋಡಿ ನೋಡಿ ಎಕ್ಸ್-ರೇ ಮಿಷನ್ ತರಿಸುವುದೆಂದು ತೀರ್ಮಾನಿಸಿದೆ. ಬ್ಯಾಂಕಿನಲ್ಲಿ ಸಾಲ ತೆಗೆದೆ.

ಕೋಣೆಯ ನಕ್ಷೆಯನ್ನು ಮಿಷನ್ ಮಾರುವವರೇ ಬರೆದು ಕಳಿಸಿದರು. ಅದರಲ್ಲಿ ಎದೆಯ ಎಕ್ಸ್-ರೇ ತೆಗೆಯುವ ಸ್ಟ್ಯಾಂಡನ್ನು ಹಿಂದಿನ ಗೋಡೆಗೆ ಒರಗಿಸಿದ್ದರು. ಗೋಡೆಯ ಆಚೆ ಕಟ್ಟಡದ ಮಾಲೀಕರ ಮನೆ. ಆ ಗೋಡೆಗೆ ತಾಗಿಕೊಂಡೇ ಅವರ ಮೊಮ್ಮಗಳ ಮಂಚ. ಸ್ಟ್ಯಾಂಡಿನ ಮುಂದೆ ರೋಗಿ ನಿಂತಾಗ ಕಿರಣ ಅವರ ಎದೆ ದಾಟಿ ನೇರವಾಗಿ ಹಿಂದಿನ ಗೋಡೆಗೆ ಹೊಡೆಯುತ್ತದೆ. ಉಳಿದ ಗೋಡೆಗಳಿಗೆ ಹೆಚ್ಚಾಗಿ ಚದುರಿದ ಕಿರಣವಷ್ಟೇ ತಾಗುತ್ತದೆ. ನಕ್ಷೆ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೇಸ್ತ್ರಿಯನ್ನು ಕರೆಸಿ ಗಾರೆ ಕೆತ್ತಿಸಿದೆ. ಒಳಗೆ ಜಂಬಿಟ್ಟಿಗೆ ಕಲ್ಲು, ಮಣ್ಣಿನ ಗಾರೆ. ಕಲ್ಲುಗಳ ನಡುವೆ ಕೈಬೆರಳು ಹೋಗುವಷ್ಟು ಸಂದು. ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ ಗೋಡೆ ಬೇಕೆಂದು ನಮಗೆ ಹೇಳಿದ್ದರು. ಹಳೆಯ ಗೋಡೆಯ ಒಳಮೈಗೆ ಹೊಸ ಗೋಡೆ ಕಟ್ಟಿಸಿದೆ. ಅದರಿಂದ ಕೋಣೆ ಕಿರಿದಾಯಿತು. 18 ಚದರ ಮೀಟರ್‌ಗಿಂತ ಕಡಿಮೆಯಾಗುವಂತಿರಲಿಲ್ಲ. ಜಗುಲಿಯನ್ನೂ ಸೇರಿಸಿಕೊಂಡೆವು. ಸ್ಟ್ಯಾಂಡನ್ನು ತೋಟದ ಕಡೆಯ ಗೋಡೆಗೆ ಬದಲಿಸಿ, ಅಲ್ಲಿಯೂ ಅಷ್ಟೇ ದಪ್ಪಕ್ಕೆ ಕಟ್ಟಿಸಿದೆವು. ಹಳೆಯ ಕಿಟಕಿ ಮುಚ್ಚಿಸಿ, ಹೊರಗಿನ ನೆಲದಿಂದ ಎರಡು ಮೀಟರಿಗಿಂತ ಮೇಲೆ ಗಾಳಿಗಿಂಡಿ ಬಿಡಿಸಿದೆವು. ಸಾಲದ ದುಡ್ಡು ಗೋಡೆಯಲ್ಲೇ ಕರಗಿತು. ಬಳೆಗಳನ್ನು ಅಡವಿಟ್ಟೆ. ಮಾಲೀಕರ ಮನೆಯವರು ಧೂಳು, ಸದ್ದು ಯಾವುದಕ್ಕೂ ಒಂದು ಮಾತು ಆಡಲಿಲ್ಲ. ಮಗುವಿನ ಮಂಚವನ್ನು ತಾವಾಗಿಯೇ ಬೇರೆ ಕೋಣೆಗೆ ಸಾಗಿಸಿದರು.

ಮಿಷನ್ ಬಂದದ್ದು ಜೂನ್ ಮಳೆಯಲ್ಲಿ. ಲಾರಿ ನಮ್ಮ ಓಣಿಗೆ ತಿರುಗಲಿಲ್ಲ. ಅಡಿಕೆ ಮಂಡಿಯ ಹಮಾಲರು ಟಾರ್ಪಾಲು ಹೊದಿಸಿ ಹೊತ್ತು ತಂದರು. ಒಂದು ಗೀರೂ ಬೀಳಲಿಲ್ಲ. ಕೂಲಿ ಕೊಡಲು ಹೋದರೆ ಅರ್ಧ ಮಾತ್ರ ತೆಗೆದುಕೊಂಡರು. 'ನಮ್ಮೋರೇ ಅಲ್ವಾ ಡಾಕ್ಟ್ರಮ್ಮ ಬೀಳೋದು' ಎಂದರು.

ಆಮೇಲೆ ಕರೆಂಟಿಗೆ ಕಾದೆವು. ಎಕ್ಸ್-ರೇ ಮಿಷನ್ ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಬಹಳ ಕರೆಂಟು ಎಳೆಯುತ್ತದೆ. ವೋಲ್ಟೇಜು ಕುಸಿದರೆ ಚಿತ್ರ ಮಂಕಾಗುತ್ತದೆ, ಮತ್ತೆ ತೆಗೆಯಬೇಕಾಗುತ್ತದೆ. ಮತ್ತೆ ತೆಗೆದರೆ ರೋಗಿಗೆ ಎರಡನೇ ಸಲ ವಿಕಿರಣ. ತ್ರೀ-ಫೇಸ್ ಬೇಕೇ ಬೇಕಿತ್ತು. ಅರ್ಜಿ ಮೇಜಿನಿಂದ ಮೇಜಿಗೆ ಹೋಯಿತು. ಮಳೆಗೆ ಮರ ಬಿದ್ದು ತಂತಿಗಳು ಹರಿದವು, ಕೆಲಸ ಮತ್ತೆ ನಿಂತಿತು. ಇತ್ತ ಸಾಲದ ಕಂತು ಶುರುವಾಗಿತ್ತು. ಮಿಷನ್ ಮೇಲೆ ಬೆಡ್‌ಶೀಟು ಹೊದಿಸಿ, ತೇವ ಹಿಡಿಯದಿರಲೆಂದು ಕೋಣೆಯಲ್ಲಿ ಹಗಲೂ ರಾತ್ರಿ ಬಲ್ಬು ಉರಿಸಿದೆವು. ಕೊನೆಗೊಂದು ಸಂಜೆ ಲೈನ್‌ಮನ್ ಒಬ್ಬರು ರೇನ್‌ಕೋಟಿನಲ್ಲೇ ಕಂಬ ಹತ್ತಿ ಲೈನು ಕೊಟ್ಟರು.

ಕಿರಣ ಹೊರಗೆ ಸೋರುತ್ತದೆಯೇ ಎಂದು ಪರೀಕ್ಷೆ ಮಾಡುವವರು ಬೆಂಗಳೂರಿನಿಂದ ಬಂದರು. ರೋಗಿಯ ಬದಲು ನೀರು ತುಂಬಿದ ಕ್ಯಾನನ್ನು ಮೇಜಿನ ಮೇಲಿಟ್ಟು ಕಿರಣ ಹಾಯಿಸಿದರು. ಮೀಟರು ಹಿಡಿದು ಗೋಡೆಗಳ ಆಚೆ, ಕಂಟ್ರೋಲಿನ ಹಿಂದೆ, ಬಾಗಿಲ ಹೊರಗೆ ನಿಂತು ನೋಡಿದರು. ಗೋಡೆಗಳು ಸರಿ ಇದ್ದವು. ಬಾಗಿಲ ಅಂಚಿನಲ್ಲಿ ಮುಳ್ಳು ಏರಿತು. ಬಾಗಿಲಿಗೆ ಎರಡು ಮಿಲಿಮೀಟರಿನ ಸೀಸದ ತಗಡು ಬಡಿದಿದ್ದರು. ಒಂದು ಚದರ ಮೀಟರ್ ತಗಡೇ 22 ಕಿಲೋಗಿಂತ ಹೆಚ್ಚು ತೂಗುತ್ತದೆ. ಆ ಭಾರಕ್ಕೆ ಕೀಲು ಜಗ್ಗಿ ಬಾಗಿಲು ವಾಲಿತ್ತು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಂದು ಬಿದ್ದಿತ್ತು. ಅದರ ಎದುರಿಗೇ ರೋಗಿಗಳು ಕಾಯುವ ಬೆಂಚು. ಅಲ್ಲಿ ಬಸುರಿಯರು ಕೂರುತ್ತಾರೆ, ಮಕ್ಕಳು ಕೂರುತ್ತಾರೆ. ನನ್ನ ಕೈ ತಣ್ಣಗಾಯಿತು.

ಬಾಗಿಲು ಸರಿಪಡಿಸುವ ಕೆಲಸ ನಡೆಯುತ್ತಿದ್ದಾಗಲೇ ಔಷಧಿ ಹೊಡೆಯಲು ಹತ್ತಿ ಬಿದ್ದ ಒಬ್ಬರನ್ನು ಹೊತ್ತು ತಂದರು. ಸೊಂಟದ ಮೇಲೆ ತೀವ್ರ ನೋವು. ಕಾಲು ಅಲ್ಲಾಡಿಸುತ್ತಿದ್ದರು. ಅವರ ತಮ್ಮ ಕೋಣೆಯ ಕಡೆ ಕೈ ತೋರಿಸಿ, 'ಮಿಷನ್ ಇಲ್ಲೇ ಇದ್ಯಲ್ಲ ಡಾಕ್ಟ್ರಮ್ಮ, ಒಂದೇ ಒಂದು ತೆಗೀರಿ' ಎಂದರು. 2004ರ ವಿಕಿರಣ ಸಂರಕ್ಷಣಾ ನಿಯಮಗಳ ಪ್ರಕಾರ ಅಣುಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ ಇಲ್ಲದೆ ನಡೆಸುವಂತಿಲ್ಲ. ಅದನ್ನು ಹೇಳಿದೆ. ಬಾಗಿಲು ಸೋರುತ್ತಿದೆ ಎಂದೂ ಹೇಳಿದೆ. ಸೋರಲಿಕ್ಕೆ ಅದೇನು ನೀರೇ ಎಂದು ಅವರು ಕೂಗಿದರು. ಅವರ ಸಿಟ್ಟು ನ್ಯಾಯವಾದದ್ದೇ. ರೋಗಿಯನ್ನು ಹಲಗೆಗೆ ಕಟ್ಟಿ, ನೋವಿಗೆ ಇಂಜೆಕ್ಷನ್ ಕೊಟ್ಟು, 108 ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದೆ. ಗುಂಡಿ ಬಿದ್ದ ರಸ್ತೆ. ಅಲ್ಲಿ ಬೆನ್ನುಮೂಳೆ ಬಿರುಕು ಬಿಟ್ಟದ್ದು ಗೊತ್ತಾಯಿತು. ಈಗ ನಡೆಯುತ್ತಾರೆ. ಮರ ಹತ್ತುವುದಿಲ್ಲ. ಅವರ ತಮ್ಮ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ಬಡಗಿ ದುಡ್ಡು ಕೇಳದೆ ಕೀಲು ಬದಲಿಸಿ, ಚೌಕಟ್ಟಿಗೂ ಸೀಸದ ಪಟ್ಟಿ ಬಡಿದು, ತಗಡು ಒಂದರ ಮೇಲೊಂದು ಬರುವಂತೆ ಮಾಡಿಕೊಟ್ಟರು. ಮತ್ತೆ ಪರೀಕ್ಷೆಯಾಯಿತು. ಮುಳ್ಳು ಏಳಲಿಲ್ಲ. ನೋಂದಣಿ ಪತ್ರ ಬರುವಾಗ ನವರಾತ್ರಿ ಮುಗಿದಿತ್ತು, ಅಡಿಕೆ ಕೊನೆ ಕೊಯ್ಲು ಶುರುವಾಗಿತ್ತು. ಮೊದಲ ಎಕ್ಸ್-ರೇ ಒಬ್ಬ ಹುಡುಗನ ಮಣಿಕಟ್ಟಿನದು. ಮುರಿದಿತ್ತು. ಅವತ್ತೇ ಪ್ಲಾಸ್ಟರ್ ಹಾಕಿದೆ.

ಸಾಲ ಇನ್ನೂ ತೀರಿಲ್ಲ. ನಮ್ಮ ಟೆಕ್ನಿಷಿಯನ್ ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತದೆ. ಅದರ ವರದಿಯನ್ನು ನಾನೇ ಮೊದಲು ಓದುತ್ತೇನೆ.

ಇದನ್ನು ಓದುವ ವೈದ್ಯ ಮಿತ್ರರಲ್ಲಿ ಒಂದು ವಿನಂತಿ. ಮಿಷನ್‌ಗೆ ಮುಂಗಡ ಕೊಡುವ ಮುಂಚೆ ಗೋಡೆಯ ಗಾರೆ ಕೆತ್ತಿಸಿ ನೋಡಿ, ಆಚೆ ಯಾರು ಮಲಗುತ್ತಾರೆ ಎಂದು ಕೇಳಿ. ರೋಗಿಗಳ ಜೊತೆ ಬರುವವರಿಗೂ ಒಂದು ಮಾತು. ಬಾಗಿಲ ಮೇಲಿನ ಕೆಂಪು ದೀಪ ಉರಿಯುವಾಗ ಒಳಗೆ ಇಣುಕಬೇಡಿ. ಬಸುರಿಯಾಗಿದ್ದರೆ, ಅನುಮಾನವಿದ್ದರೂ ಸರಿ, ಮೊದಲೇ ಹೇಳಿ.